ಎರಡು ಹಾಳೆ, ಒಂದು ಸೊನ್ನೆ

ನಮ್ಮವರ ಗೆಳೆಯರೊಬ್ಬರ ಮೇಲೆ ನನಗೆ ಮೊದಲು ಅನುಮಾನ ಬಂದದ್ದು ಅವರ ಲ್ಯಾಪ್‌ಟಾಪಿನಿಂದ. ಭಾನುವಾರ ನಮ್ಮಲ್ಲಿಗೆ ರೊಟ್ಟಿ ಉಣ್ಣಲು ಬರುತ್ತಿದ್ದರು. ನಾನು ತಟ್ಟೆ ಹಿಡಿದು ಹತ್ತಿರ ಹೋದರೆ ಸಾಕು, ಪಟಕ್ಕನೆ ಅದನ್ನು ಮುಚ್ಚುತ್ತಿದ್ದರು.

ಅವರೂ ನಮ್ಮವರೂ ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಹಾಲಿನ ಪಾಕೀಟು ತುಂಬುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವವರು. ಆ ತಿಂಗಳು ಯಂತ್ರ ನಡುನಡುವೆ ನಿಲ್ಲತೊಡಗಿತು. ಪ್ರೋಗ್ರಾಂ ಕೊನೆಯದಾಗಿ ಮುಟ್ಟಿದವರು ಆ ಗೆಳೆಯರೇ. "ಬೇಕಂತಲೇ ಮಾಡ್ಯಾರೇನೋ ನೋಡ್ರಿ," ಎಂದು ಲ್ಯಾಪ್‌ಟಾಪಿನ ಸಂಗತಿಯನ್ನೂ ಸೇರಿಸಿ ನಾನೇ ಇವರ ಕಿವಿಗೆ ಹಾಕಿದೆ. ಆ ಭಾನುವಾರ ಗೆಳೆಯರ ಚಹಾಕ್ಕೆ ಸಕ್ಕರೆ ಹಾಕುವುದನ್ನೂ ಮರೆತೆ. ಮರೆತೆ ಅಂದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಇವರು ಮಾಲೀಕರಿಗೆ ದೂರು ಬರೆಯಲು ಕೂತರು. ಕೊಟ್ಟರೆ ಗೆಳೆಯರ ಕೆಲಸ ಹೋಗುವುದು ಖಂಡಿತ. ಸಾಕ್ಷಿಗೆ ಎರಡು ಹಾಳೆ: ಯಂತ್ರದ ಮೆಮೊರಿಯಲ್ಲಿ ಯಾವ ಡೇಟಾ ಎಲ್ಲಿ ಕೂತಿದೆ ಎಂದು, ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಲಿಂಕರ್ ಕೊಡುವ ಪಟ್ಟಿ, ಯಂತ್ರ ಕೆಡುವ ಮೊದಲಿನದು ಮತ್ತು ಆಮೇಲಿನದು. ಪಕ್ಕದಲ್ಲಿ ಬೇಳೆ ಆರಿಸುತ್ತಿದ್ದವಳು ಬಗ್ಗಿ ನೋಡಿದೆ. ಇವರು ಗೆರೆ ಎಳೆದಿದ್ದ ಸಾಲಿನಲ್ಲಿ, ಡೇಟಾ ಕೂತ ಜಾಗದ ವಿಳಾಸದ ಕೊನೆಯಂಕಿ ಮೊದಲು ಸೊನ್ನೆ ಇತ್ತು. ಈಗ ನಾಲ್ಕು.

"ಇದ್ಯಾಕ್ರಿ ನಾಲ್ಕು?"

"ಅದೇ ರೋಗ. ಈ ಡೇಟಾ ಸೊನ್ನಿ ಮ್ಯಾಲೇ ಶುರು ಆಗಬೇಕು, ಇಲ್ಲಂದ್ರ ಚಿಪ್ ತಪ್ಪು ಓದತೈತಿ. ಅವ ಇದಕ್ಕಿಂತ ಮೊದಲ ಕೂತಿರೂ ಪರದೆ ಮ್ಯಾಲಿನ ಮೆಸೇಜ್ ಉದ್ದ ಮಾಡ್ಯಾನ, ಅದಕ್ಕ ಇದು ಮುಂದ ಸರದೈತಿ."

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರತಿ ಉತ್ತರವನ್ನೂ ಹೊಸ ಪುಟದಲ್ಲೇ ಶುರು ಮಾಡಿಸುತ್ತಿದ್ದರು. ಹಿಂದಿನ ಪುಟ ಅರ್ಧ ಖಾಲಿ ಉಳಿದರೂ ಸರಿ.

"ಹಂಗ ನಡುವ ಖಾಲಿ ಬಿಡಾಕ ಬರೂದಿಲ್ಲೇನ್ರಿ?"

"ಬರತೈತಿ. ಲಿಂಕರ್ ಫೈಲಿನಾಗ ಅದಕ್ಕಂತ ಒಂದು ಸಾಲು ಐತಿ."

"ಐತಿ ಅಂದಮ್ಯಾಲ, ಮೆಸೇಜ್ ಎಷ್ಟು ಉದ್ದಾದ್ರೂ ಇದು ಸರೀಬಾರದಲ್ಲ?"

ಇವರು ತಮ್ಮ ಲ್ಯಾಪ್‌ಟಾಪ್ ಎಳೆದುಕೊಂಡರು. ಫೈಲು ತೆಗೆದರು. ಅವರ ಕಾರ್ಖಾನೆಯಲ್ಲಿ ಯಾವ ಸಾಲನ್ನೂ ಅಳಿಸುವಂತಿಲ್ಲ. ಅದನ್ನು ಕೆಲಸದಿಂದ ನಿಲ್ಲಿಸಿ, ಯಾರು, ಯಾಕೆ ಎಂದು ಪಕ್ಕದಲ್ಲಿ ಬರೆಯಬೇಕು. ಆ ಸಾಲನ್ನು ನಿಲ್ಲಿಸಲಾಗಿತ್ತು. ಪಕ್ಕದಲ್ಲಿ ಇವರದೇ ಹೆಸರು. ಖಾಲಿ ಜಾಗ ದಂಡ, ಅದಕ್ಕೇ ನಿಲ್ಲಿಸಿದ್ದು ಎಂದು ಕಾರಣ.

"ಮೆಮೊರಿ ಸಾಲದಾಗಿತ್ತು," ಎಂದರು ಮೆಲ್ಲಗೆ. "ಮೊದಲ ಹಾಳ್ಯಾಗಿನ ಸೊನ್ನಿ ನಸೀಬಿಂದ ಬಂದಿದ್ದು."

ಇವರು ದೂರಿನ ಹಾಳೆ ಹರಿಯುವ ಹೊತ್ತಿಗೆ ಗೆಳೆಯರು ಬಾಗಿಲಲ್ಲಿದ್ದರು.

"ಬಾರಪಾ," ಎಂದರು ಇವರು. "ತಪ್ಪು ನಂದೈತಿ. ನಾ ದೂರಿನಾಗ ನಿನ್ನ ಹೆಸರು ಬರದಿದ್ದೆ."

ಗೆಳೆಯರು ಹಾಳೆಯ ಚೂರು ನೋಡಿದರು, ಆಮೇಲೆ ನನ್ನನ್ನು.

"ಅದಕ್ಕೇನ್ರಿ ವೈನಿ, ಹೋದ ವಾರ ನನ್ನ ಚಹಾಕ್ಕ ಸಕ್ರಿ ಇರಲಿಲ್ಲ?"

ನಾನು ಒಳಗೆ ಹೋದೆ. ರೊಟ್ಟಿ, ಪುಂಡಿಪಲ್ಯ ಹಿಡಿದು ಬಂದಾಗ ಗೆಳೆಯರು ತಮ್ಮ ಲ್ಯಾಪ್‌ಟಾಪಿನಲ್ಲಿ ಆ ಸಾಲನ್ನು ಮತ್ತೆ ಹಾಕುತ್ತಿದ್ದರು. ನನ್ನನ್ನು ಕಂಡವರೇ ಪಟಕ್ಕನೆ ಮುಚ್ಚಿ ಪಕ್ಕಕ್ಕೆ ಸರಿಸಿದರು.

"ಇಲ್ಲಿ ಇಡ್ರಿ. ಇದನ್ನ ಮುಚ್ಚದಿದ್ರ ನಿಮ್ಮ ಮೇಜಿನ ಮ್ಯಾಲ ತಾಟಿಗೆ ಜಾಗಾನೇ ಇರೂದಿಲ್ಲ ನೋಡ್ರಿ."