ಸೀಟಿ ಎಣಿಸುತ್ತಿದ್ದ ಮೇಡಂ

ತೆಲುಗು ಸೀಮೆಯ ಭವಾನಿಪುರಂನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಮೇಡಂ ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿ ಆಫೀಸರು. ಹೊಸದಾಗಿ ಬಂದ ಪತ್ತೇದಾರಿ ಕಾದಂಬರಿ, ದೆವ್ವದ ಕಾದಂಬರಿ ಎಲ್ಲವನ್ನೂ ತರಿಸಿಕೊಂಡು ಅಡುಗೆಮನೆಯಲ್ಲಿ ನಿಂತೇ ಓದುತ್ತಿದ್ದರು. ಹಿಡಿಸದ ಪುಸ್ತಕ ಹೇಗಿದೆ ಅಂತ ಕೇಳಿದರೆ, "ಕುಕ್ಕರಿನ ಸೀಟಿ ಎಲ್ಲಾ ಎಣಿಸೀನ್ರಿ" ಅನ್ನುವರು. ಸೀಟಿಯ ಲೆಕ್ಕ ತಪ್ಪಿಸದ ಪುಸ್ತಕ ಅವರ ಪಾಲಿಗೆ ಸಪ್ಪೆ. ಅಧ್ಯಾಯಕ್ಕೊಂದು ದೆವ್ವ ಬಂದರೂ ಆಗದು. "ದೆವ್ವ ಒಂದ ಇರಬೇಕ್ರಿ, ಅದೂ ತಡಾ ಮಾಡಿ ಬರಬೇಕು" ಎಂದು ಸೌಟು ಆಡಿಸುವರು. ಕೊನೆಯ ಹತ್ತು ಪುಟದಲ್ಲಿ ಎಲ್ಲಿಂದಲೋ ಬಂದವನೇ ಕೊಲೆಗಾರನಾದರಂತೂ ಆ ಲೇಖಕರನ್ನು ಮತ್ತೆ ಮುಟ್ಟುತ್ತಿರಲಿಲ್ಲ.

ಒಂದು ಭಾನುವಾರ ಅವರ ಮನೆಗೆ ಹೊಸ ಮ್ಯಾನೇಜರು ಊಟಕ್ಕೆ ಬರುವುದಿತ್ತು. ಹನ್ನೆರಡರ ಹೊತ್ತಿಗೆ ಬೇಳೆ ಸೀದ ವಾಸನೆ ನಮ್ಮ ಹಾಲ್ ತುಂಬಿತು. ಓಡಿಹೋಗಿ ಗ್ಯಾಸ್ ಆರಿಸಿದೆ. ಅವರು ಒಲೆಯ ಪಕ್ಕದಲ್ಲೇ ನಿಂತು, ತಲೆ ಎತ್ತದೆ, "ಎರಡ ಪುಟ ಉಳದಾವ, ತಡೀರಿ" ಅಂದರು. ಮುಗಿಸಿದ ಮೇಲೆ ಕರಿ ಹಿಡಿದ ಕುಕ್ಕರನ್ನು ನೋಡಿ, ಇಲ್ಲಿ ಕಲಿತ ತೆಲುಗಿನಲ್ಲಿ "ಪರ್ವಾಲೇದು, ಪರವಾಗಿಲ್ಲ ಬಿಡ್ರಿ" ಎಂದು ನಕ್ಕರು. ಮ್ಯಾನೇಜರು ನಮ್ಮ ಮನೆಯ ಹುಳಿಯನ್ನು ಎರಡು ಸಲ ಬಡಿಸಿಕೊಂಡರು.

ಆಮೇಲೆ ಮೇಡಂಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಹೋದ ವಾರ ಅವರಿಂದ ಅಂಚೆಯಲ್ಲಿ ಒಂದು ಕಾದಂಬರಿ ಬಂತು. ಮೊದಲ ಪುಟದಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಒಲಿ ಆರಿಸಿ ಓದ್ರಿ."

ನಾನು ಹಾಲು ಕಾಯಲು ಇಟ್ಟಿದ್ದೆ. ಎದ್ದು ಹೋಗಿ ಆರಿಸಿ ಬಂದು ಕೂತೆ.