ಸಗಣಿ ಓದುವ ಸೆನೋಬಿಯಾ

ತಕ್ವಾರೆಂಬೋ ಸೀಮೆಯಲ್ಲಿ ಬೆಳಗಾದರೆ ಎಲ್ಲರೂ ರೇಡಿಯೋ ಕೇಳುತ್ತಾರೆ, ಸೆನೋಬಿಯಾ ಮಾತ್ರ ಸಗಣಿ ನೋಡುತ್ತಾಳೆ. ಕೈಯಲ್ಲೊಂದು ಕೋಲು, ಕಂಕುಳಲ್ಲಿ ಮಾಟೆ ಕಷಾಯದ ಬಿಸಿನೀರಿನ ಫ್ಲಾಸ್ಕು. ಮೂವತ್ತೊಂದು ವರ್ಷದಿಂದ ಅರೋಸ್ಪಿದೆ ಸಾಹೇಬರ ದನ ಕಾಯುತ್ತಿದ್ದಾಳೆ. ಹುಲ್ಲುಗಾವಲಿನಂಚಿನ ಎರಡು ಕೋಣೆಯ ಮನೆ ಆ ಕೆಲಸದ ಜೊತೆಗೆ ಬಂದದ್ದು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಅದನ್ನು ಕಿತ್ತುಕೊಳ್ಳಲು ಬಂದವನು ನಾನು: ಎರಡು ವರ್ಷದ ಪಶುಪಾಲನೆ ಕೋರ್ಸಿನ ಸರ್ಟಿಫಿಕೇಟು, ಹೊಸ ಬೂಟು, ಹಳೆಯ ಅಹಂಕಾರ.

ಆ ವರ್ಷ ಚಳಿಗಾಲದ ಮುಂಚಿನ ಮಳೆಗೆ ಓಟ್ಸ್ ಮೊಣಕಾಲೆತ್ತರ ಬೆಳೆದಿತ್ತು. ಸಾಹೇಬರು ಇಬ್ಬರಿಗೂ ಮೂವತ್ತು ಮೂವತ್ತು ಹೋರಿ ಹಂಚಿದರು. ನಾನು ನನ್ನವನ್ನು ಹಗಲಿಡೀ ಅದರಲ್ಲೇ ಬಿಟ್ಟೆ. ಅವಳು ತನ್ನ ಮೂವತ್ತಕ್ಕೆ ಒಣಹುಲ್ಲು ತಿನ್ನಿಸಿ, ಮಧ್ಯಾಹ್ನದ ಮೇಲಷ್ಟೇ ಹಸುರಿಗೆ ಬಿಡುತ್ತಿದ್ದಳು.

"ಒಂದೂವರೆ ತಿಂಗಳು ನೋಡೋಣ. ಯಾರ ಹೋರಿಗೆ ಹೆಚ್ಚು ಮೈ ಬರುತ್ತೋ, ಕೆಲಸ ಅವರದು" ಎಂದರು ಸಾಹೇಬರು.

"ದೋನ್ಯಾ ಸೆನೋಬಿಯಾ, ಹಬ್ಬದೂಟ ಎದುರಿಗಿದ್ರೂ ಒಣರೊಟ್ಟಿ ತಿನ್ನಿಸ್ತೀರಲ್ಲ!" ಎಂದೆ.

ಅವಳು ನನ್ನ ಹೋರಿಯ ಸಗಣಿಗೆ ಕೋಲು ಅದ್ದಿ ತೋರಿಸಿದಳು. "ನಿನ್ನ ಹೋರಿ ಹಾಕಿದ್ದು ಸಗಣಿಯಲ್ಲ ಡಾಕ್ಟ್ರೇ, ಸಾರು. ಈ ಎಳೇ ಹುಲ್ಲು ಬರೀ ನೀರು, ಹೊಟ್ಟೇಲಿ ನಿಲ್ಲೋದೇ ಇಲ್ಲ. ಮೆಲುಕು ಹಾಕೋಕೆ ಒರಟಾಗಿ ಏನಾದ್ರೂ ಬೇಕು ಕಣಪ್ಪ."

"ಕೋರ್ಸಲ್ಲಿ ಹಾಗೆ ಹೇಳಿಲ್ಲ."

"ಹಾಗಾದ್ರೆ ಸರ್ಟಿಫಿಕೇಟನ್ನೇ ತಿನ್ಸು. ಒಣಗಿದೆಯಲ್ಲ, ಒಳ್ಳೇದೇ."

ತೂಕದ ದಿನ ಹೋರಿಗಳನ್ನು ಹುಲ್ಲಿನಿಂದ ನೇರ ಯಂತ್ರಕ್ಕೆ ಹತ್ತಿಸಿದೆ. ನನ್ನವು ತಲೆಗೆ ಮೂವತ್ತೆರಡು ಕಿಲೋ ಏರಿದ್ದವು, ಅವಳವು ಮೂವತ್ತು. ಅವಳ ಕಿಟಕಿಗೆ ಯಾವ ಬಣ್ಣದ ಪರದೆ ಹಾಕಲಿ ಎಂದು ಯೋಚಿಸತೊಡಗಿದೆ.

"ಸಾಹೇಬ್ರೇ, ಮಾರೋವಾಗ್ಲೂ ಹಿಂಗೇ ತೂಗ್ತೀರಾ?" ಎಂದಳು ಸೆನೋಬಿಯಾ. "ರಾತ್ರಿ ಮೇವು ನೀರಿಲ್ದೆ ದೊಡ್ಡೀಲಿ ನಿಲ್ಸಿ, ಬೆಳಿಗ್ಗೆ ತೂಗಿ."

ಇಲ್ಲಿನ ಕೊಳ್ಳುವವರೆಲ್ಲ ಹಾಗೇ ಹೊಟ್ಟೆ ಖಾಲಿ ಮಾಡಿಸಿ ತೂಗಿಸುತ್ತಾರೆ. ನಾನೊಬ್ಬನೇ ಮರೆತಿದ್ದೆ.

ಬೆಳಿಗ್ಗೆ ನೋಡಿದರೆ ನನ್ನ ದೊಡ್ಡಿಯಲ್ಲಿ ಕಣಕಾಲುದ್ದ ಹಸುರು ಸಾರು. ಈಗ ಅವಳ ಹೋರಿಗಳ ಏರಿಕೆ ಹತ್ತೊಂಬತ್ತು ಕಿಲೋ, ನನ್ನವು ಒಂಬತ್ತು. ಉಳಿದದ್ದೆಲ್ಲ ನೆಲದ ಮೇಲಿತ್ತು, ನನ್ನ ಹೊಸ ಬೂಟೂ ಅದರೊಳಗೇ.

ಸಾಹೇಬರು ಗಡ್ಡ ಕೆರೆದುಕೊಂಡರು. "ಸೆನೋಬಿಯಾ, ಮನೆ ನಿನ್ನದೇ. ಏ ಹುಡುಗ, ಇವಳ ಕೈಕೆಳಗೆ ಕಲಿ. ಇವಳ ಈ ವಿಧಾನ ಬರೆದುಕೊಡು, ದನ ಸಾಕೋರ ಸಂಘದ ಸಭೇಲಿ ಓದ್ತೀನಿ. ಕೆಳಗೆ ನಿನ್ನ ಹೆಸರು ಹಾಕು. ಓದಿದವನ ಹೆಸರಿದ್ರೆ ಜನ ನಂಬ್ತಾರೆ."

ಮೂರು ಪುಟ ಬರೆದು ಮೊದಲು ಅವಳಿಗೇ ಓದಿ ಹೇಳಿದೆ. ಕೊನೆಗೆ ಹೆಸರು ಬಂದಾಗ ನನ್ನ ದನಿ ಕುಗ್ಗಿತು.

"ಹೆಸರು ನಿನ್ನದೇ ಇರ್ಲಿ ಬಿಡು" ಎಂದು ಕಷಾಯ ಬಗ್ಗಿಸಿಕೊಟ್ಟಳು, ತನ್ನದೇ ಬಾಗಿಲಲ್ಲಿ ಕೂತು. "ಕುಡಿದು ಏಳಿ, ಡಾಕ್ಟ್ರೇ. ನಿಮ್ಮ ವಿಧಾನಕ್ಕೆ ಹೊತ್ತಾಯ್ತು, ಒಣಹುಲ್ಲು ಹೊರಿ."