ಮಿತ್ತಗುಡ್ಡೆಗೆ ಹತ್ತದ ನೀರು

1997ರ ಬೇಸಿಗೆಯಲ್ಲಿ ನಾನು ಬಂಟ್ವಾಳ ತಾಲೂಕಿನ ಒಂದು ಗ್ರಾಮ ಪಂಚಾಯತಿನ ಕಾರ್ಯದರ್ಶಿಯಾಗಿದ್ದೆ. ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗಿರುವ ಗ್ರಾಮ ಅದು. ಹೆಸರು ಹೇಳುವುದಿಲ್ಲ, ಈ ಕಥೆಯಲ್ಲಿ ಬರುವ ಕೆಲವರು ಈಗಲೂ ಅಲ್ಲೇ ಇದ್ದಾರೆ. ಮನೆ ಮೂಡಬಿದ್ರಿಯಲ್ಲಿದ್ದುದರಿಂದ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ಅದಕ್ಕೂ ಮೊದಲು ನಾರಾವಿ ಕಡೆ ಐದು ವರ್ಷ ಕೆಲಸ ಮಾಡಿದ್ದರಿಂದ ಪಂಚಾಯತಿನ ಕೆಲಸ ನನಗೆ ಚೆನ್ನಾಗಿ ಗೊತ್ತಿದೆ ಎಂಬ ಧೈರ್ಯವೂ ಇತ್ತು.

ಹೊರಗಿನವರಿಗೆ ಪಂಚಾಯತ್ ಎಂದರೆ ಮನೆ ತೆರಿಗೆ ಮತ್ತು ಒಂದು ಸೀಲು. ಒಳಗೆ ಕುಳಿತವರಿಗೆ ವರ್ಷದ ಲೆಕ್ಕವೇ ಬೇರೆ. ಜೂನ್ ಬಂತೆಂದರೆ ಚರಂಡಿ ಮತ್ತು ಕುಸಿದ ಮೋರಿ. ಮಳೆ ನಿಂತ ಮೇಲೆ ರಸ್ತೆಯ ಹೊಂಡ, ದಾರಿದೀಪ. ನಂತರ ಗ್ರಾಮಸಭೆ, ಮನೆ ಯಾರಿಗೆ ಸಿಗಬೇಕೆಂಬ ಪಟ್ಟಿ, ಆ ಪಟ್ಟಿಯ ಜಗಳ. ಮಾರ್ಚಿನಲ್ಲಿ ಬಜೆಟ್. ಇವೆಲ್ಲದರ ನಡುವೆ, ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ, ನೀರು. ಆ ನಾಲ್ಕು ತಿಂಗಳಲ್ಲಿ ಕಚೇರಿಯ ಮೆಟ್ಟಿಲು ಹತ್ತಿದವರಲ್ಲಿ ಹತ್ತಕ್ಕೆ ಎಂಟು ಮಂದಿ ನೀರಿನ ಮಾತನ್ನೇ ಆಡುತ್ತಿದ್ದರು.

ನಮ್ಮಲ್ಲಿ ನೀರಿನ ವ್ಯವಸ್ಥೆ ಸರಳವಾಗಿತ್ತು. ಕೊಳವೆಬಾವಿಯ ನೀರನ್ನು ಪಂಪಿನಿಂದ ಶಾಲೆಯ ಪದವಿನ, ಅಂದರೆ ಎತ್ತರದ ಮಟ್ಟಸ ಜಾಗದ, ಮೇಲಿನ ಟ್ಯಾಂಕಿಗೆ ಏರಿಸುವುದು, ಅಲ್ಲಿಂದ ಎರಡು ಲೈನಿನಲ್ಲಿ ಇಳಿಸುವುದು. ಒಂದು ಲೈನು ಕೆಳಗಿನ ಗದ್ದೆ ಬದಿಯ ಬೈಲಿನ ಮನೆಗಳಿಗೆ. ಇನ್ನೊಂದು ಪದವಿನಿಂದ ತಗ್ಗಿಗೆ ಇಳಿದು, ಮತ್ತೆ ಏರು ಹತ್ತಿ, ಮಿತ್ತಗುಡ್ಡೆ ಎಂಬ, ಮನೆಯಿಲ್ಲದವರಿಗೆ ಸರಕಾರ ಐದೈದು ಸೆಂಟ್ಸ್ ಜಾಗ ಕೊಟ್ಟ ಕಾಲನಿಗೆ ಹೋಗುತ್ತಿತ್ತು. ಮಿತ್ತಗುಡ್ಡೆಯಲ್ಲಿ ಮೂವತ್ತೊಂದು ಮನೆ. ಹೆಚ್ಚಿನವು ಬ್ಯಾರಿ ಮುಸ್ಲಿಮರದ್ದು, ಉಳಿದ ಆರೇಳು ಹಿಂದೂಗಳದ್ದು. ಪೂರಾ ಗಟ್ಟಿ ಕೆಂಪು ಮುರಕಲ್ಲಿನ ಗುಡ್ಡೆಯಾದ್ದರಿಂದ ಬಾವಿಯ ಆಸೆ ಇಲ್ಲ. ಬೆಳಿಗ್ಗೆ ಆರರಿಂದ ಏಳೂಕಾಲರವರೆಗೆ ಅವರ ಲೈನಿನ ವಾಲ್ವ್ ತೆರೆಯಬೇಕು, ಅದು ಮುಚ್ಚಿದ ಮೇಲೆ ಬೈಲಿನದ್ದು.

ವಾಲ್ವ್ ತಿರುಗಿಸುವವನು ಸಂಜೀವ, ನಮ್ಮ ಪಂಪ್ ಆಪರೇಟರ್. ನಲವತ್ತು ದಾಟಿದ್ದ ಆತನ ಮನೆ ಬೈಲಿನಲ್ಲಿ. ಪೈಪ್ ಹಾಕುವಾಗ ಗುಂಡಿ ತೋಡಲು ಬಂದವನು ಹಾಗೆಯೇ ಆಪರೇಟರ್ ಆಗಿ ಉಳಿದಿದ್ದ. ಹಾಗಾಗಿ ನೆಲದೊಳಗೆ ಯಾವ ಜಾಯಿಂಟ್ ಎಲ್ಲಿದೆ ಎಂಬುದು ಅವನಿಗೆ ನಕ್ಷೆಗಿಂತ ಚೆನ್ನಾಗಿ ಗೊತ್ತಿತ್ತು. ಸೊಂಟದೆತ್ತರದ ಕಬ್ಬಿಣದ ವಾಲ್ವ್ ಕೀಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಐದೂವರೆಗೆ ಹೊರಡುತ್ತಿದ್ದ. ಮಾತು ಕಡಿಮೆ.

ಫೆಬ್ರವರಿ ಮೊದಲ ವಾರದಲ್ಲಿ ಮಿತ್ತಗುಡ್ಡೆಯವರ ದೂರು ಶುರುವಾಯಿತು. ನಳ್ಳಿಯಲ್ಲಿ ನೀರು ನೂಲಿನಂತೆ ಬರುತ್ತದೆ, ಮನೆಗೆ ಎರಡು ಕೊಡಪಾನ ಆಗುವಷ್ಟರಲ್ಲಿ ನಿಲ್ಲುತ್ತದೆ ಎಂದು. ಬೇಸಿಗೆಯಲ್ಲಿ ಇದು ಹೊಸದಲ್ಲ ಎಂದು ನಾನು ಸುಮ್ಮನಿದ್ದೆ. ತಿಂಗಳ ನಡುವೆ ಮೂವತ್ತೊಂದು ಮನೆಯವರ ಸಹಿ ಇದ್ದ ಅರ್ಜಿ ಬಂತು. ಆಪರೇಟರ್ ನಮ್ಮ ವಾಲ್ವನ್ನು ಅರ್ಧವೇ ತೆರೆಯುತ್ತಾನೆ, ತನ್ನ ಬೈಲಿನವರಿಗೆ ನೀರು ಉಳಿಸುತ್ತಾನೆ, ಅವನನ್ನು ತೆಗೆಯಬೇಕು ಎಂದು ಅದರಲ್ಲಿತ್ತು. ತಂದುಕೊಟ್ಟವರು ಆ ವಾರ್ಡಿನ ಸದಸ್ಯೆ ಮೈಮುನಾ ಅವರ ಭಾವ. ಮೈಮುನಾ ಅವರ ಗಂಡ ಸೌದಿಯ ದಮಾಮಿನಲ್ಲಿದ್ದರು. ಮಹಿಳಾ ಮೀಸಲಿನ ಸೀಟಿನಲ್ಲಿ ಗೆದ್ದು ಮೂರು ವರ್ಷ ಆಗಿದ್ದರೂ ಸಭೆಯಲ್ಲಿ ಅವರು ಮಾತಾಡಿದ್ದು ನನಗೆ ನೆನಪಿಲ್ಲ. ಭಾವ ಕಿಟಕಿಯ ಹೊರಗೆ ನಿಂತು ಹೇಳಿದ್ದಕ್ಕೆ ತಲೆಯಾಡಿಸುತ್ತಿದ್ದರು.

ನಾನು ಸಂಜೀವನಿಗೆ ನೋಟಿಸು ಕೊಟ್ಟೆ. ಅವನು ಬರವಣಿಗೆಯಲ್ಲಿ ಉತ್ತರ ಕೊಡಲಿಲ್ಲ. ಮೇಜಿನ ಎದುರು ನಿಂತು, ವಾಲ್ವ್ ಪೂರ್ತಿ ತೆರೆಯುತ್ತಿದ್ದೇನೆ, ಒಮ್ಮೆ ಲೈನ್ ನೋಡಿ ಸಾರ್ ಎಂದಷ್ಟೇ ಹೇಳಿದ. ಅದನ್ನು ತಪ್ಪಿಸಿಕೊಳ್ಳುವ ಮಾತೆಂದು ನಾನು ತಿಳಿದೆ. ಆ ಹೊತ್ತಿಗೆ ಹೋಟೆಲಿನ ಬೆಂಚಿನಲ್ಲಿ ಬೇರೆಯೇ ಮಾತು ಹುಟ್ಟಿತ್ತು. ಅವನ ಜಾತಿ ಯಾವುದು, ಗುಡ್ಡೆಯವರ ಧರ್ಮ ಯಾವುದು, ನೀರು ಯಾಕೆ ಹತ್ತುವುದಿಲ್ಲ ಎಂಬುದನ್ನು ಇತ್ತಲಿನವರೂ ಅತ್ತಲಿನವರೂ ತಮ್ಮ ತಮ್ಮ ರೀತಿಯಲ್ಲಿ ವಿವರಿಸುತ್ತಿದ್ದರು. ಅಂಥ ಮಾತು ನಮ್ಮ ತಾಲೂಕಿನಲ್ಲಿ ಎಲ್ಲಿಗೆ ಹೋಗಿ ನಿಲ್ಲಬಹುದೆಂದು ನೌಕರಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಾರ್ಚಿನ ಒಂದು ಬೆಳಿಗ್ಗೆ ನಾನು ಕಚೇರಿಗೆ ಬಂದಾಗ ಸಂಜೀವ ಜಗಲಿಯಲ್ಲಿ ಕುಳಿತಿದ್ದ. ಅಂಗಿಯ ಕಿಸೆ ಹರಿದು ನೇತಾಡುತ್ತಿತ್ತು. ಮಿತ್ತಗುಡ್ಡೆಯ ತಿರುವಿನಲ್ಲಿ ನಾಲ್ಕೈದು ಜನ ತಡೆದು ವಾಲ್ವ್ ಕೀ ಕಸಿದುಕೊಂಡಿದ್ದರು. ಪೊಲೀಸರಿಗೆ ಹೇಳುವ ಎಂದೆ. ಬೇಡ, ಹೇಳಿದರೆ ನಾಳೆ ಇದು ನೀರಿನ ಗಲಾಟೆಯಾಗಿ ಉಳಿಯುವುದಿಲ್ಲ ಎಂದ. ಆ ಬೆಳಿಗ್ಗೆ ಬೈಲಿಗೂ ನೀರಿಲ್ಲ, ಗುಡ್ಡೆಗೂ ನೀರಿಲ್ಲ. ಮಧ್ಯಾಹ್ನ ಮೇಸ್ತ್ರಿಯೊಬ್ಬನ ಪೈಪ್ ಸ್ಪ್ಯಾನರ್ ತಂದು ಹೇಗೋ ವಾಲ್ವ್ ತಿರುಗಿಸಿದೆವು.

ಅಧ್ಯಕ್ಷರು ಕೆಟ್ಟವರಲ್ಲ. ಊರು ತಣ್ಣಗಾಗುವುದು ಅವರಿಗೆ ಮುಖ್ಯವಾಗಿತ್ತು. ವಾರದೊಳಗೆ ಸಭೆ ಕರೆದು, ಸಂಜೀವನನ್ನು ತೆಗೆಯುವ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಲು ಹೇಳಿದರು. ನಿರ್ಣಯದ ಕರಡು ಬರೆದವನು ನಾನೇ. ಸಭೆಯ ದಿನ ಹೊರಗಿನವರು ಯಾರೂ ಕಿಟಕಿಯ ಹತ್ತಿರ ನಿಲ್ಲಬಾರದು ಎಂದು ಅಧ್ಯಕ್ಷರು ಕಟ್ಟುನಿಟ್ಟು ಮಾಡಿದ್ದರು. ನಾನು ಕರಡು ಓದಿದೆ. ಯಾರೂ ವಿರೋಧಿಸಲಿಲ್ಲ. ಪುಸ್ತಕಕ್ಕೆ ಬರೆಯಲು ಪೆನ್ನು ತೆಗೆಯುತ್ತಿದ್ದಾಗ ಮೈಮುನಾ ಎದ್ದು ನಿಂತರು.

“ಸಾರ್, ನನಗೆ ಸ್ವಲ್ಪ ಹೇಳ್ಲಿಕ್ಕುಂಟು,” ಎಂದರು. “ಅವರನ್ನು ತೆಗೀಬೇಕು ಅಂತ ನಾನೂ ಸಹಿ ಹಾಕಿದ್ದೇನೆ. ಆದ್ರೆ ತೆಗೆಯುವುದಾದ್ರೆ ಕಾರಣ ಸರಿಯಾಗಿ ಬರೀಬೇಕಲ್ವಾ? ನಾನು ದಿನಾ ಗುರುತು ಮಾಡಿ ಇಟ್ಟಿದ್ದೇನೆ.”

ಚೀಲದಿಂದ ಒಂದು ಗೋಡೆ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಬಿಡಿಸಿದರು. ಫೆಬ್ರವರಿ, ಮಾರ್ಚಿನ ಪ್ರತಿ ಚೌಕದಲ್ಲೂ ಪೆನ್ಸಿಲಿನ ಗೆರೆಗಳು. ತಮ್ಮ ಮನೆಯೆದುರಿನ ನಳ್ಳಿಯಲ್ಲಿ ಆ ದಿನ ಮನೆಗೆ ಎಷ್ಟು ಕೊಡಪಾನ ಸಿಕ್ಕಿತೋ ಅಷ್ಟು ಗೆರೆ. ಎರಡು, ಎರಡು, ಒಂದು, ಎರಡು. ಸಂಜೀವನ ತಪ್ಪನ್ನು ತೋರಿಸಲೆಂದೇ ಇಟ್ಟ ಲೆಕ್ಕ. ಆದರೆ ಫೆಬ್ರವರಿ ಕೊನೆಯ ವಾರದ ಮಂಗಳವಾರ ಮತ್ತು ಬುಧವಾರದ ಚೌಕಗಳಲ್ಲಿ ಎಂಟೆಂಟು ಗೆರೆಗಳಿದ್ದವು.

ಈ ಎರಡು ದಿನ ಏನಾಗಿತ್ತು ಎಂದು ನಾನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. “ಆ ಎರಡು ದಿನ ನೀರು ಜೋರು ಬಂತು. ಅವರಿಗೆ ಮನಸ್ಸಿದ್ರೆ ಕೊಡ್ಲಿಕ್ಕೆ ಆಗ್ತದೆ ಅಂತ ಅದಕ್ಕೇ ಹೇಳಿದ್ದು,” ಎಂದರು.

ಸಂಜೀವನ ಲಾಗ್‌ಬುಕ್ ನನ್ನ ಕಪಾಟಿನಲ್ಲಿತ್ತು. ಪಂಪ್ ಓಡಿಸಿದ ಗಂಟೆ, ಕರೆಂಟ್ ಹೋದ ಹೊತ್ತು ಬರೆಯುವ ಪುಸ್ತಕ. ತಿಂಗಳ ಕೊನೆಗೆ ನೋಡದೆ ಸಹಿ ಹಾಕುತ್ತಿದ್ದೆ. ಆ ಮಂಗಳವಾರದ ಹಿಂದಿನ ದಿನದ ಎದುರು ಅವನ ಓರೆ ಅಕ್ಷರದಲ್ಲಿ ಹೀಗಿತ್ತು: ‘ಟೆಲಿಫೋನ್ ಗುಂಡಿಯವರು ಪೈಪ್ ಒಡೆದದ್ದು. ಬಿರಡೆ ಹಾಕಿದೆ.’ ಬುಧವಾರ ಮಧ್ಯಾಹ್ನ: ‘ಪೈಪ್ ಸರಿ ಮಾಡಿದೆ.’

ಜಗಲಿಯಲ್ಲಿದ್ದ ಸಂಜೀವನನ್ನು ಒಳಗೆ ಕರೆಸಿ, ಯಾವ ಪೈಪಿಗೆ ಬಿರಡೆ ಹಾಕಿದ್ದು ಎಂದು ಕೇಳಿದೆ. ಅಂಗನವಾಡಿ ಲೈನಿಗೆ ಎಂದ.

ಜನವರಿಯಲ್ಲಿ ತಗ್ಗಿನ ಹೊಸ ಅಂಗನವಾಡಿಗೂ ಅದರ ಪಕ್ಕದ ಆರು ಮನೆಗಳಿಗೂ ನೀರು ಕೊಡುವುದೆಂದು ನಿರ್ಣಯವಾಗಿತ್ತು. ಬೈಲಿನ ಲೈನಿನಿಂದ ಎಳೆಯಲು ಮುನ್ನೂರು ಮೀಟರ್ ಪೈಪ್ ಬೇಕಿತ್ತು. ನಮ್ಮಲ್ಲಿ ಅಷ್ಟಿರಲಿಲ್ಲ. ಮಿತ್ತಗುಡ್ಡೆಯ ಲೈನು ಅಲ್ಲಿಂದ ನಲವತ್ತೇ ಮೀಟರ್ ದೂರದಲ್ಲಿ ಹಾದುಹೋಗುತ್ತದೆ, ಅದರಿಂದಲೇ ಕೊಡುವ ಎಂದು ಸೂಚಿಸಿದವನು ನಾನು. ಕಿರಿಯ ಇಂಜಿನಿಯರ್ ನನ್ನ ಮಾತಿನ ಮೇಲೆ ಅಂದಾಜುಪಟ್ಟಿಗೆ ಸಹಿ ಹಾಕಿದರು. ನಾವಿಬ್ಬರೂ ಸ್ಥಳ ನೋಡಿರಲಿಲ್ಲ. ಅಂದು ಸಂಜೀವ ಕಚೇರಿಗೆ ಬಂದು, ಅಲ್ಲಿಂದ ಕೊಟ್ಟರೆ ಮೇಲಕ್ಕೆ ಹತ್ತುವುದಿಲ್ಲ ಎಂದಿದ್ದ. ನೀನು ವಾಲ್ವ್ ನೋಡು ಮಾರಾಯ, ಪೈಪಿನ ವಿಷಯ ಇಂಜಿನಿಯರ್ ನೋಡಿಕೊಳ್ಳುತ್ತಾರೆ ಎಂದು ನಾನು ಅವನನ್ನು ಕಳಿಸಿಬಿಟ್ಟಿದ್ದೆ. ಈಗ ಮಿತ್ತಗುಡ್ಡೆಗೆಂದು ವಾಲ್ವ್ ತೆರೆದಾಗಲೆಲ್ಲ ತಗ್ಗಿನ ಏಳು ನಳ್ಳಿಗಳೂ ಒಟ್ಟಿಗೆ ಹರಿಯುತ್ತಿದ್ದವು. ಅವರೂ ಪಾಪ, ಬಂದ ನೀರನ್ನು ಡ್ರಮ್ಮಿಗೆ ತುಂಬಿಸಿಕೊಳ್ಳುತ್ತಿದ್ದರು. ಕೆಳಗೆ ದಾರಿ ಸಿಕ್ಕಿದ ಮೇಲೆ ಏರು ಹತ್ತುವಷ್ಟು ಒತ್ತಡ ಎಲ್ಲಿ ಉಳಿಯಬೇಕು?

ಇದೆಲ್ಲ ಒಂದು ನಿಮಿಷದಲ್ಲಿ ನನಗೆ ಹೊಳೆಯಿತು. ಆದರೆ ಆ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಸ್ಥಳ ಪರಿಶೀಲನೆ ಆಗಬೇಕು, ವಿಷಯವನ್ನು ಮುಂದೂಡುವ ಎಂದೆ, ಅಷ್ಟೆ. ಕಾರಣ ಹೆದರಿಕೆ, ಬೇರೇನೂ ಅಲ್ಲ.

ಮರುದಿನ ಮೊದಲ ಬಸ್ಸಿಗೆ ಬಂದೆ. ಸಂಜೀವ, ಮೈಮುನಾ, ನಾನು ಮೂವರೂ ಲೈನಿನ ಉದ್ದಕ್ಕೆ ನಡೆದೆವು. ತಗ್ಗಿನಲ್ಲಿ ಸಂಜೀವ ಮಣ್ಣು ಬಿಡಿಸಿ ಅಂಗನವಾಡಿಯ ಪೈಪ್ ಕಳಚಿ, ಮರದ ಬಿರಡೆ ಬಡಿದು ಕೂರಿಸಿದ. ಆಮೇಲೆ ವಾಲ್ವ್ ತೆರೆದು ನಾವು ಗುಡ್ಡೆ ಹತ್ತಿದೆವು. ನಳ್ಳಿಯ ಹತ್ತಿರ ಹತ್ತು ಹನ್ನೆರಡು ಹೆಂಗಸರು ಕೊಡಪಾನ ಇಟ್ಟು ಕಾಯುತ್ತಿದ್ದರು. ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕೆಂಪು ನೀರು ಕೆಮ್ಮಿತು. ನಂತರ ನಳ್ಳಿಯ ಬಾಯಿ ತುಂಬ ನೀರು ಬಂತು. ಮೊದಲ ಕೊಡಪಾನ ನೋಡನೋಡುತ್ತಲೇ ತುಂಬಿತು.

ಮೈಮುನಾ ನೀರನ್ನೇ ನೋಡುತ್ತ ಕೇಳಿದರು: “ಆ ಪೈಪನ್ನು ಅಲ್ಲಿಂದ ಎಳೀಲಿಕ್ಕೆ ಹೇಳಿದ್ದು ಯಾರು?”

ಪ್ರಶ್ನೆ ಸಂಜೀವನಿಗೆ. ಅವನು ಕೈಯ ಮಣ್ಣನ್ನು ಉಜ್ಜಿಕೊಳ್ಳುತ್ತ ನಿಂತ, ನನ್ನ ಕಡೆ ತಿರುಗಲಿಲ್ಲ. ಒಂದೂವರೆ ತಿಂಗಳಿನಿಂದ ಆ ಉತ್ತರ ಅವನ ಹತ್ತಿರವೇ ಇತ್ತು. ಹೇಳಿದ್ದರೆ ಗುಡ್ಡೆಯವರು ತಗ್ಗಿನ ಆರು ಮನೆಗಳ ಮೇಲೆ ಹೋಗುತ್ತಿದ್ದರು, ಇಲ್ಲವೇ ಸೆಕ್ರೆಟರಿಯ ಮೇಲೆ ಹೇಳಿದನೆಂದು ಅವನ ಕೆಲಸ ಹೋಗುತ್ತಿತ್ತು. ಬೈಸಿಕೊಳ್ಳುವುದೇ ಲೇಸೆಂದು ಸುಮ್ಮನಿದ್ದ.

“ನಾನು,” ಎಂದೆ. “ಇವರು ಬೇಡ ಅಂದಿದ್ದರು. ನಾನು ಕೇಳಲಿಲ್ಲ.”

ಅಧ್ಯಕ್ಷರಿಗೂ ಹೇಳಿದೆ. ಪೈಪ್ ಬದಲಿಸುವ, ಸಂಜೀವ ಕೆಲಸದಲ್ಲಿರಲಿ, ಕಡತದಲ್ಲಿ ಏನೂ ಬೇಡ ಎಂಬುದು ಅವರ ಸಲಹೆ. “ನಿಮ್ಮ ತಪ್ಪು ಅಂತ ನೀವೇ ಬರೆದ್ರೆ ನಾಳೆಯಿಂದ ಇಲ್ಲಿ ನಿಮ್ಮ ಮಾತು ಯಾರು ಕೇಳ್ತಾರೆ?” ಎಂದರು. ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ ಮಾತದು. ಎರಡು ದಿನ ನಾನೂ ಅದನ್ನೇ ನೆಚ್ಚಿಕೊಂಡಿದ್ದೆ. ಮೂರನೆಯ ದಿನ ಕಡತ ತೆಗೆದೆ. ಮೇಲೆ ಮೂವತ್ತೊಂದು ಸಹಿಗಳ ಅರ್ಜಿ, ಕೆಳಗೆ ನಾನು ಕೊಟ್ಟ ನೋಟಿಸು, ಅದರ ಕೆಳಗೆ ಕರಡು ನಿರ್ಣಯ. ಇನ್ನೇನೂ ಬರೆಯದೆ ಆ ಕಡತ ಮುಚ್ಚಿದರೆ, ನನ್ನ ನಂತರ ಬರುವ ಯಾವ ಕಾರ್ಯದರ್ಶಿ ತೆರೆದು ನೋಡಿದರೂ ಸಂಜೀವ ತಪ್ಪಿತಸ್ಥನೇ.

ಮುಂದಿನ ಸಭೆಯಲ್ಲಿ ನನ್ನ ಟಿಪ್ಪಣಿಯನ್ನು ನಾನೇ ಓದಿದೆ. ಒಂದು ಪುಟ. ನನ್ನ ಸೂಚನೆ, ಆಪರೇಟರ್ ಕೊಟ್ಟ ಎಚ್ಚರಿಕೆ, ಅದನ್ನು ನಾನು ತಳ್ಳಿಹಾಕಿದ್ದು, ಪರೀಕ್ಷೆಯಲ್ಲಿ ಕಂಡದ್ದು. ನೋಟಿಸು ರದ್ದಾಯಿತು. ಟಿಪ್ಪಣಿಯ ಪ್ರತಿ ತಾಲೂಕು ಪಂಚಾಯತಿಗೆ ಹೋಗಿ, ಅಲ್ಲಿಂದ ನನಗೊಂದು ಎಚ್ಚರಿಕೆ ಪತ್ರ ಬಂತು. ಅದು ನನ್ನ ಸೇವಾ ಪುಸ್ತಕದಲ್ಲಿ ಕೊನೆಯವರೆಗೂ ಇತ್ತು. ಮಾತು ಕೇಳುವವರು ಮಾತ್ರ ಕಡಿಮೆಯಾಗಲಿಲ್ಲ.

ಮೈಮುನಾ ಮಿತ್ತಗುಡ್ಡೆಯ ಮನೆಮನೆಗೆ ಹೋಗಿ, ಸಹಿ ಹಾಕಿದವರಿಗೆಲ್ಲ ವಿಷಯ ತಿಳಿಸಿದರು. ಭಾವನನ್ನು ಕಳಿಸಲಿಲ್ಲ, ತಾವೇ ಹೋದರು. ನಾಲ್ಕನೆಯ ದಿನ ಕಸಿದುಕೊಂಡಿದ್ದ ವಾಲ್ವ್ ಕೀಯನ್ನು ಆಟೋದಲ್ಲಿ ಹಾಕಿಕೊಂಡು ಕಚೇರಿಗೆ ತಂದರು. ಸಂಜೀವನ ಎದುರು ಅದನ್ನು ಗೋಡೆಗೆ ಒರಗಿಸಿ, “ಸಂಜೀವಣ್ಣ, ಬೇಜಾರು ಮಾಡ್ಬೇಡಿ. ನಾನೂ ಕಣ್ಣು ಮುಚ್ಚಿ ಸಹಿ ಹಾಕಿದ್ದೆ,” ಎಂದರು.

ಸಂಜೀವ ತಲೆಯಾಡಿಸಿದ, ಆದರೆ ಕೀ ಮುಟ್ಟಲಿಲ್ಲ. ನನ್ನ ಕಡೆ ತಿರುಗಿದ. ನನ್ನ ಹತ್ತಿರ ಯಾವಾಗಲೂ ತುಳುವಿನಲ್ಲೇ ಮಾತಾಡುವವನು ಅಂದು ಕಚೇರಿಯ ಕನ್ನಡದಲ್ಲಿ ಹೇಳಿದ: “ಕೆಲಸ ಮಾಡ್ತೇನೆ ಸಾರ್. ಆದ್ರೆ ಇನ್ನು ನಾನು ಹೇಳಿದ್ದನ್ನು ನೀವು ಬರ್ಕೊಳ್ಬೇಕು.”

ಆಗಲಿ ಎಂದೆ. ಕೀ ಎತ್ತಿಕೊಂಡು ಹೋದ.

ಅಂಗನವಾಡಿಗೆ ಬೈಲಿನ ಲೈನಿನಿಂದ ಪೈಪ್ ಎಳೆಯುವಷ್ಟರಲ್ಲಿ ಏಪ್ರಿಲ್ ಮುಗಿಯುತ್ತ ಬಂದಿತ್ತು. ಅಲ್ಲಿಯವರೆಗೆ ಸಂಜೀವ ದಿನಾ ಬಿರಡೆ ಹಾಕಿ, ತೆಗೆದು, ಇಬ್ಬರಿಗೂ ಹೊತ್ತು ಹಂಚಿದ. ಮೈಮುನಾ ಆಮೇಲಿನ ಸಭೆಗಳಲ್ಲಿ ಮಾತಾಡದೆ ಕುಳಿತದ್ದು ನಾನು ಕಾಣೆ. ಅವರ ಪ್ರಶ್ನೆಗಳಿಗೆ ಉತ್ತರ ಸಿದ್ಧ ಮಾಡಿಕೊಳ್ಳುವುದು ನನಗೊಂದು ಹೊಸ ಕೆಲಸವಾಯಿತು.

ಎರಡು ವರ್ಷದ ನಂತರ ನನಗೆ ಬೆಳ್ತಂಗಡಿ ತಾಲೂಕಿಗೆ ವರ್ಗವಾಯಿತು. 2008ರಲ್ಲಿ ನಿವೃತ್ತನಾಗುವವರೆಗೆ ಐದು ಪಂಚಾಯತುಗಳಲ್ಲಿ ದುಡಿದೆ. ಎಲ್ಲಿ ಹೋದರೂ ನೀರು, ದೀಪ, ಮೋರಿ, ಯಾವ ಕೆಲಸದ ಅಂದಾಜುಪಟ್ಟಿ ಬಂದರೂ ಅದರ ಹಿಂದೆ ಒಂದು ಹಾಳೆ ಲಗತ್ತಿಸುತ್ತಿದ್ದೆ. ದಿನಾ ಆ ಕೆಲಸದಲ್ಲಿ ಕೈಯಾಡಿಸುವವನು ಏನು ಹೇಳುತ್ತಾನೆ ಎಂಬುದು ಅವನ ಮಾತಿನಲ್ಲೇ, ಅವನ ಹೆಸರಿನ ಸಮೇತ ಅದರಲ್ಲಿರಬೇಕು. ನಿಯಮದಲ್ಲಿಲ್ಲದ ಹಾಳೆ ಎಂದು ಇಂಜಿನಿಯರುಗಳು ನಕ್ಕದ್ದುಂಟು. ಅಧಿಕಾರ ಇದ್ದವನ ಸಹಿಯಿಂದ ನೀರು ಗುಡ್ಡೆ ಹತ್ತುವುದಿಲ್ಲ ಎಂಬಷ್ಟನ್ನು ನನಗೆ ನನ್ನ ವೃತ್ತಿ ಕಲಿಸಿತು. ಗೊತ್ತಿದ್ದವನನ್ನು ಕೇಳಬೇಕು, ಕೇಳಿದ್ದನ್ನು ಬರೆದಿಡಬೇಕು.

ಅಂಥ ಮೊದಲ ಹಾಳೆ ಬರೆದದ್ದು 1997ರ ನವೆಂಬರಿನಲ್ಲೇ, ಬೈಲಿನ ಒಂದು ತುದಿಗೆ ಹೊಸ ನಳ್ಳಿ ಕೊಡುವ ಕಡತದಲ್ಲಿ. ಸದಸ್ಯರ ಒತ್ತಾಯವಿತ್ತು, ಇಂಜಿನಿಯರರ ಒಪ್ಪಿಗೆಯೂ ಇತ್ತು. ನಾನು ಹಾಳೆಯನ್ನು ಸಂಜೀವನ ಕೈಗೆ ಕೊಟ್ಟೆ. ಅವನು ಸೈಕಲ್ಲಿನಲ್ಲಿ ಹೋಗಿ ನೋಡಿ ಬಂದು, ನನ್ನ ಮೇಜಿನ ಅಂಚಿನಲ್ಲಿ ನಿಂತೇ ಮೂರು ಸಾಲು ಬರೆದ: ‘ಇಲ್ಲಿಂದ ಕೊಡಬಾರದು. ಕೊಟ್ಟರೆ ಅಂಗನವಾಡಿಗೆ ನೀರು ಬರುವುದಿಲ್ಲ. ಸಂಜೀವ, ಪಂಪ್ ಆಪರೇಟರ್.’

ಅಲ್ಲಿಂದ ಕೊಡಲಿಲ್ಲ.